ಹಲ್ಲಲ್ಲಿ ಪೈಪು, ಟವೆಲಿನ ಕೆಳಗೆ ಕೈ

ತಂಬಾಕು ಸೇದುವ ಏಳು ಹಳೆಯ ಪೈಪುಗಳಿಗೆ ನಾನು ಕೊಟ್ಟದ್ದು ಹದಿನಾಲ್ಕು ರೂಪಾಯಿ ಮತ್ತು ಒಂದು ಛತ್ರಿ. ಹದಿನಾಲ್ಕು ಯಾಕೆಂದರೆ, ಪೆಟ್ಟಿಗೆಯ ಮುಚ್ಚಳ ತೆರೆದ ಕೂಡಲೇ ಒಂದಕ್ಕೆ ಎರಡು ರೂಪಾಯಿಯ ಮೇಲೆ ನಯಾಪೈಸೆ ಕೊಡಬಾರದೆಂದು ಮನಸ್ಸಿನಲ್ಲೇ ಗೆರೆ ಎಳೆದಿದ್ದೆ. ಛತ್ರಿ ಯಾಕೆಂದರೆ, ಮಾರುವವನು ಮೂವತ್ತರಿಂದ ಇಪ್ಪತ್ತಕ್ಕೆ ಇಳಿದು ಅಲ್ಲಿಯೇ ಬೇರು ಬಿಟ್ಟು ಕೂತಿದ್ದ. ಅಷ್ಟರಲ್ಲಿ ಬಸವಕಲ್ಯಾಣದ ಮೇಲೆ ಮಳೆ ಧೋ ಎಂದು ಸುರಿಯತೊಡಗಿತು. ಅವನಿಗೆ ಹೈದರಾಬಾದಿನ ಬಸ್ಸು ಹಿಡಿಯಬೇಕಾಗಿತ್ತು, ನನಗೆ ಯಾವ ಅವಸರವೂ ಇರಲಿಲ್ಲ.

ಕೋಟೆಯ ಕಡೆಗಿನ ಒಂದು ಹಳೆಯ ಮನೆ ಅದು. ನಿಜಾಮರ ಕಾಲದ ಯಾರೋ ದೊಡ್ಡ ಹುದ್ದೆಯವರದಂತೆ. ಮನೆ ಖಾಲಿ ಮಾಡಿಸಲು ಬಂದಿದ್ದವನು ಆ ಮನೆಯ ಅಳಿಯ.

"ಎಲ್ಲಾ ವಿಲಾಯತಿ ಮಾಲ್ ಅದ ಸೇಠ್," ಎಂದ.

"ಮಾಲು ವಿಲಾಯತಿ ಇರಬಹುದ್ರಿ, ವಾಸನಿ ಮಾತ್ರ ಇಲ್ಲೀದ," ಎಂದೆ.

ನಿಜಕ್ಕೂ ಆ ಪೆಟ್ಟಿಗೆಯಿಂದ ಬರುತ್ತಿದ್ದ ವಾಸನೆಗೆ ಹಲ್ಲಿಗಳೂ ಮನೆ ಬಿಟ್ಟಿರಬೇಕು. ಅವನು ಮಳೆ ನೋಡಿದ, ನನ್ನ ಛತ್ರಿ ನೋಡಿದ, ಕೈಗಡಿಯಾರ ನೋಡಿದ. ನಾನು ಛತ್ರಿಯನ್ನು ಒಮ್ಮೆ ಬಿಚ್ಚಿ ಮತ್ತೆ ಮುಚ್ಚಿದೆ. ವ್ಯಾಪಾರ ಮುಗಿಯಿತು. ಆ ಛತ್ರಿ ನನಗೆ ಬಿದ್ದದ್ದು ಒಂದೂವರೆ ರೂಪಾಯಿಗೆ. ನೆನೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದವನು ನಾನೇ ಆದರೂ, ನೆನೆಯುವುದಕ್ಕೆ ಖರ್ಚಿಲ್ಲ.

ಇದು ಎಪ್ಪತ್ನಾಲ್ಕರ ಮಾತು. ಹುಮನಾಬಾದಿನಲ್ಲಿ ನನ್ನದು ಹಳೆಯ ಸಾಮಾನಿನ ಅಂಗಡಿ. ಐವತ್ತಾರರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಕಚೇರಿಗಳಿಂದ ಮುರಿದ ಕುರ್ಚಿ, ಕುಂಟು ಮೇಜು, ಉರ್ದು ಬೋರ್ಡುಗಳು ರಾಶಿರಾಶಿಯಾಗಿ ಹೊರಗೆ ಬಿದ್ದವು. ಉಳಿದವರು ಅವನ್ನು ಸೌದೆ ಎಂದು ನೋಡಿದರು, ನಾನು ಹಲಗೆ ಎಂದು ನೋಡಿದೆ. ಆ ಬೋರ್ಡುಗಳನ್ನು ತಿರುವಿ ಹೊಡೆದು ಮಾಡಿದ ಬಾಗಿಲುಗಳು ಊರಿನ ನಾಲ್ಕಾರು ಅಂಗಡಿಗಳಿಗೆ ಇವತ್ತೂ ಇವೆ. ಒಳಗಿನಿಂದ ನೋಡಿದರೆ ಒಂದರ ಮೇಲೆ 'ದಫ್ತರ್' ಎಂದು ಇನ್ನೂ ಓದಬಹುದು.

ಹಾಗೆ ಕೊಂಡ ಒಂದು ಮೇಜಿನ ಡ್ರಾಯರಿನಲ್ಲಿ ನನ್ನ ಮೊದಲ ಪೈಪು ಸಿಕ್ಕಿತು. ವರ್ಗವಾಗಿ ಹೋದ ಯಾರೋ ಸಾಹೇಬರು ಮರೆತದ್ದು. ಮೊದಮೊದಲು ಬರೇ ಬಾಯಲ್ಲಿಟ್ಟುಕೊಂಡು ಕನ್ನಡಿ ನೋಡುತ್ತಿದ್ದೆ. ಆಮೇಲೆ ಬೀಡಿಯ ತಂಬಾಕು ತುಂಬಿ ಹೊತ್ತಿಸಿದೆ. ಒಂದು ತಿಂಗಳಲ್ಲಿ ನನಗೊಂದು ಸಂಗತಿ ಹೊಳೆಯಿತು: ಪೈಪಿರುವುದು ಹೊಗೆಗಾಗಿ ಅಲ್ಲವೇ ಅಲ್ಲ, ವ್ಯಾಪಾರಕ್ಕಾಗಿ.

ಹೇಗೆಂದು ಹೇಳುತ್ತೇನೆ. ಮಾರಲು ಬಂದವನು ಒಂದು ಬೆಲೆ ಹೇಳುತ್ತಾನೆ. ಕೊಳ್ಳುವವನು ಬೀಡಿ ಸೇದುವವನಾದರೆ ತಟ್ಟನೆ ಉತ್ತರ ಕೊಡುತ್ತಾನೆ, ಅಲ್ಲಿಗೆ ಕೆಟ್ಟ. ಪೈಪಿನವನು ಪೈಪನ್ನು ತೆಗೆದು ಒಳಗೆ ಇಣುಕುತ್ತಾನೆ. ಬೂದಿ ಕೊಡವುತ್ತಾನೆ. ತಂಬಾಕು ತುಂಬಿ ಹೆಬ್ಬೆರಳಿನಿಂದ ಒತ್ತುತ್ತಾನೆ. ಒಂದು ಕಡ್ಡಿ ಗೀರುತ್ತಾನೆ, ಆರುತ್ತದೆ. ಮತ್ತೊಂದು ಗೀರುತ್ತಾನೆ. ಇಷ್ಟು ಹೊತ್ತೂ ಪೈಪಿನ ಕೆಲಸದಲ್ಲೇ ಇರುವುದರಿಂದ ಮಾತಾಡದಿದ್ದರೆ ಯಾರೂ ಸೊಕ್ಕು ಎನ್ನುವುದಿಲ್ಲ. ಎದುರಿನವನಿಗೆ ಆ ಮೌನ ತಡೆಯಲಾಗದೆ ತನ್ನ ಬೆಲೆಯನ್ನು ತಾನೇ ಇಳಿಸುತ್ತಾನೆ. ಮೂರನೇ ಕಡ್ಡಿಗೆ ಸರಾಸರಿ ಐದು ರೂಪಾಯಿ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಪೈಪು ಬಿಟ್ಟದ್ದು ಅರುವತ್ತೊಂದರಲ್ಲಿ, ನನ್ನ ಮಾವನವರ ಕಾಲ ಮೇಲೆ. ಮೋರಖಂಡಿಯಲ್ಲಿ ಅವರ ಮನೆಯಲ್ಲಿ ನನ್ನ ಮಗಳ ತೊಟ್ಟಿಲು ಕಾರ್ಯ. ಬೀಗರೆಲ್ಲ ಸೇರಿದ್ದರು. ಹೊರಗೆ ಕಟ್ಟೆಯ ಮೇಲೆ ಪೈಪಿನ ಡೌಲು ತೋರಿಸುತ್ತ ಕೂತಿದ್ದ ನನ್ನನ್ನು ಒಳಗೆ ಕರೆದರು. ಎದ್ದು ಹೋದೆ. ಹಿರಿಯರು ಕಂಡರು, ಕಾಲಿಗೆ ಬಿದ್ದೆ. ಹಲ್ಲಿನಲ್ಲಿ ಪೈಪು ಇದ್ದದ್ದೇ ನೆನಪಿರಲಿಲ್ಲ, ಅಷ್ಟು ರೂಢಿಯಾಗಿತ್ತು. ಬಗ್ಗಿದ ಕೂಡಲೇ ಒಳಗಿನ ಕೆಂಡವೆಲ್ಲ ಅವರ ಪಾದದ ಮೇಲೆ ಸುರಿಯಿತು. ಆಶೀರ್ವಾದ ಮಾಡಲು ಕೈಯೆತ್ತಿದ್ದ ಮಾವನವರು ಎತ್ತಿದ ಕೈ ಎತ್ತಿದಂತೆಯೇ ಒಂಟಿ ಕಾಲಿನ ಮೇಲೆ ಕುಣಿಯತೊಡಗಿದರು. ಮೊಮ್ಮಗಳು ಹುಟ್ಟಿದ ಸಂತೋಷ ಎಂದು ತಿಳಿದು ಬೀಗರಲ್ಲಿ ಇಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ನನ್ನ ಹೆಂಡತಿ ಕೂಗಾಡುವವಳಲ್ಲ. ತೊಟ್ಟಿಲ ಹಗ್ಗ ಹಿಡಿದುಕೊಂಡೇ ಹೇಳಿದಳು: "ಆ ಪೈಪು ಈ ಮನಿಗೂ ಬ್ಯಾಡ, ಆ ಮನಿಗೂ ಬ್ಯಾಡ. ನೀವು ಎಲ್ಲಿರ್ತೀರಿ ಅನ್ನೋದು ನೀವ ನೋಡ್ಕೋರಿ."

ಮರುದಿನ ಅದನ್ನು ಎರಡು ಕಂದೀಲಿನ ಗಾಜಿಗೆ ಬದಲು ಕೊಟ್ಟೆ. ಒಳ್ಳೆಯ ಗಾಜುಗಳು. ಆದರೆ ಕಂದೀಲಿನ ಗಾಜನ್ನು ಬಾಯಲ್ಲಿಟ್ಟುಕೊಂಡು ಚೌಕಾಶಿ ಮಾಡಲಾಗುವುದಿಲ್ಲ. ಹದಿಮೂರು ವರ್ಷ ನಾನು ಗಿರಾಕಿ ಬಾಯಿ ಮುಚ್ಚುವ ಮೊದಲೇ ಉತ್ತರ ಕೊಡುತ್ತ, ಎಲ್ಲದರಲ್ಲೂ ಎರಡೋ ಮೂರೋ ರೂಪಾಯಿ ಕಳೆದುಕೊಳ್ಳುತ್ತ ಬಂದೆ. ಆದ್ದರಿಂದ ಬಸವಕಲ್ಯಾಣದ ಪೆಟ್ಟಿಗೆ ಅಂಗಡಿಗೆ ಬಂದಾಗ, 'ರಿಪೇರಿ ಮಾಡಿ ಮಾರುವುದಕ್ಕೆ ತಂದದ್ದು' ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ.

ರಿಪೇರಿಯ ಗುರು ಯಾರೆಂದರೆ ಅಂಗಡಿಯ ಎದುರಿಗೆ ಚಪ್ಪಲಿ ಹೊಲಿಯುತ್ತ ಕೂರುತ್ತಿದ್ದ ಹಿರಿಯರು. ಊರೇ ಅವರನ್ನು ಕಾಕಾ ಎನ್ನುತ್ತಿತ್ತು. ಪೈಪಿನ ಬಗ್ಗೆ ಕಾಕಾಗೆ ಏನೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ ವಸ್ತುವನ್ನು ಮುಟ್ಟುವ ರೀತಿ ಗೊತ್ತಿತ್ತು. ನಾನು ಮೊದಲನೆಯ ಪೈಪಿನ ಕರಿ ರಬ್ಬರಿನ ಕೊಳವೆಯನ್ನು ಹಿಡಿದು ತಿರುಚಲು ಹೋದಾಗ ಅಲ್ಲಿಂದಲೇ ಕೂಗಿದರು.

"ಏ ಸಾಹುಕಾರ, ಕೋಳಿ ಕುತ್ಗಿ ತಿರುವಾಕತ್ತೀರೋ ಪೈಪೋ? ಬಿಡ್ರಿ, ಮುರೀತದ!"

"ಬಿಗಿ ಅದ ಕಾಕಾ."

"ಬಿಗಿ ಇದ್ದದ್ದು ನೆನಸ್ರಿ. ಮನಷ್ಯಾರನ್ನೂ ಹಂಗ ಮೆತ್ತಗ ಮಾಡೋದು."

ನೆನೆಸಿದೆ. ದವಾಖಾನೆಯ ಕಂಪೌಂಡರನಿಂದ ಒಂದು ಸೀಸೆ ಸ್ಪಿರಿಟ್ಟು ತಂದು ಸಂದಿಗೆ ಹನಿಹನಿಯಾಗಿ ಬಿಟ್ಟೆ. ಅರ್ಧ ದಿನಕ್ಕೆ ಕೊಳವೆ ತಾನಾಗಿಯೇ ಕಳಚಿ ಬಂತು. ಪೈಪಿನ ತಲೆಯ, ಅಂದರೆ ತಂಬಾಕು ತುಂಬುವ ಬಟ್ಟಲಿನ, ಒಳಗೆ ಇಂಗಾಲ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ತಂಬಾಕಿಗೆ ಉಳಿದದ್ದು ಕಿರುಬೆರಳು ಹೋಗುವಷ್ಟು ಜಾಗ. ಕ್ಷೌರಿಕರು ಬಿಸಾಡಿದ ಕತ್ತಿಯಿಂದ ಅದನ್ನು ಕೆರೆದೆ. ಪೂರ್ತಿ ಕೆರೆಯಬಾರದು, ನಾಣ್ಯದ ದಪ್ಪದಷ್ಟು ಬಿಡಬೇಕು. ಇಲ್ಲದಿದ್ದರೆ ಮರವೇ ಸುಡುತ್ತದೆ. ಇದು ಮೂರನೆಯ ಪೈಪಿನ ಅಂಚು ಸ್ವಲ್ಪ ಸುಟ್ಟ ಮೇಲೆ ತಿಳಿಯಿತು. ಉಪ್ಪು ತುಂಬಿ ಸ್ಪಿರಿಟ್ಟು ಹಾಕಿ ಒಂದು ದಿನ ಇಟ್ಟರೆ ಹಳೆಯ ವಾಸನೆಯನ್ನೆಲ್ಲ ಉಪ್ಪು ಹೀರಿ ಕಪ್ಪಾಗುತ್ತದೆ. ಆ ಉಪ್ಪನ್ನು ಹೊರಗೆ ಚೆಲ್ಲಿದಾಗ ನೆಕ್ಕಲು ಬಂದ ಒಂದು ಆಡು, ಮೂಗು ಹತ್ತಿರ ತಂದು, ನನ್ನ ಮುಖ ನೋಡಿ, ಬೇರೆ ಬೀದಿಗೆ ಹೋಯಿತು.

ಹೊರಗಿನ ಮರಕ್ಕೆ ಹೊಳಪು ಬರಬೇಕಲ್ಲ? ಗಾಡಿಯ ನೊಗಕ್ಕೆ ಎಣ್ಣೆ ಹಚ್ಚುವುದನ್ನು ನೋಡಿದ್ದೆ. ಹಾಗೆಯೇ ಮೊದಲ ಪೈಪಿಗೆ ಶೇಂಗಾ ಎಣ್ಣೆ ತಿಕ್ಕಿದೆ, ಒಂದು ಸಲ ಸಾಲದೆಂದು ನಾಲ್ಕು ಸಲ. ಕನ್ನಡಿಯಂತಾಯಿತು. ಪರೀಕ್ಷೆಗೆಂದು ಹೊತ್ತಿಸಿದೆ. ತಲೆ ಬಿಸಿಯಾಗುತ್ತಿದ್ದಂತೆ ಕುಡಿದ ಎಣ್ಣೆಯೆಲ್ಲ ಹೊರಗೆ ಬಂತು. ಮಿರ್ಚಿ ಭಜಿ ಕರಿಯುವ ಘಮ ಬಸ್ ಸ್ಟ್ಯಾಂಡಿನವರೆಗೂ ಹೋಯಿತು. ಚಿಟಗುಪ್ಪದ ಬಸ್ಸಿಗೆ ಕಾಯುತ್ತಿದ್ದ ಮೂವರು ಅಂಗಡಿಗೆ ಬಂದು ಸಾಲಾಗಿ ನಿಂತರು.

"ಒಂದ್ ಪ್ಲೇಟ್ ಕೊಡ್ರಿ, ಬಿಸೀವು ಇರಲಿ."

"ಇಲ್ಲಿ ಭಜಿ ಇಲ್ರಿ."

"ಸುಳ್ಳ್ಯಾಕ ಹೇಳ್ತೀರಿ? ಮೂಗಿಗೆ ಹೊಡೀಲಾಕತ್ತದ!"

ಕಾಕಾ ನಗುತ್ತ ನಗುತ್ತ ಒಂದು ಉಂಡೆ ಜೇನುಮೇಣ ಕೊಟ್ಟರು, ಚಪ್ಪಲಿಯ ದಾರಕ್ಕೆ ತಿಕ್ಕುವಂಥದ್ದು. ಅದು ಸರಿಹೋಯಿತು.

ಇನ್ನು ಉಳಿದದ್ದು ಕೊಳವೆಗಳು. ಕರಿ ರಬ್ಬರು ಹಳೆಯದಾಗಿ ಹಸಿರು ಹಳದಿಗೆ ತಿರುಗಿತ್ತು. ಇಟ್ಟಿಗೆ ಪುಡಿ ಹಾಕಿದರೆ ಗೀರು ಬೀಳುತ್ತಿತ್ತು, ಒಲೆಯ ಬೂದಿಯಲ್ಲಿ ಹರಳು. ನುಣ್ಣಗಿನ ಬೂದಿ ಬೇಕು, ಎಲ್ಲಿ ಸಿಗಬೇಕು? ದೇವರ ಜಗುಲಿಯ ಮೇಲೆ ಇತ್ತು. ತಪ್ಪು ಮಾಡಿದೆ, ಒಪ್ಪುತ್ತೇನೆ. ದಿನವೂ ಬೆಳಿಗ್ಗೆ ಪೂಜೆಗೆ ಕೂತು ಏಳುವಾಗ ವಿಭೂತಿಯ ಗಟ್ಟಿಯಿಂದ ಒಂದು ಚೂರು ಜೇಬಿಗೆ ಹೋಗುತ್ತಿತ್ತು. ಕೊಳವೆಗಳು ಕಾಡಿಗೆಯಂತೆ ಮಿಂಚತೊಡಗಿದವು.

ಮನೆಯಲ್ಲಿ ಮೂರು ತಿಂಗಳು ಬರಬೇಕಾದ ವಿಭೂತಿ ಮೂರು ವಾರಕ್ಕೆ ಮುಗಿಯಿತು. ಹೆಂಡತಿಗೆ ಸಿಟ್ಟು ಬರುವ ಬದಲು ಕಣ್ಣು ತುಂಬಿ ಬಂತು. ಪಕ್ಕದ ಮನೆಯವರ ಮುಂದೆ ಹೇಳುವುದನ್ನು ನಾನೇ ಕೇಳಿದೆ: "ನಮ್ಮನಿಯವರಿಗೆ ಈಗೀಗ ಭಾಳ ಭಕ್ತಿ ಬಂದದವ್ವಾ. ಮೊದ್ಲು ಹಣಿಗೆ ಹಚ್ಚಿಕೋ ಅಂದ್ರೂ ಹಚ್ಚಿಕೋತಿರಲಿಲ್ಲ." ಅವಳೇ ಮತ್ತೆರಡು ಗಟ್ಟಿ ತರಿಸಿಟ್ಟಳು. ನನಗೆ ನಾಚಿಕೆಯಾಯಿತು. ಆದರೆ ಇನ್ನೂ ಎರಡು ಕೊಳವೆ ಬಾಕಿ ಇದ್ದವು.

ಒಂದು ಮಧ್ಯಾಹ್ನ ಅವಳು ಬುತ್ತಿ ಹಿಡಿದುಕೊಂಡು ಅಂಗಡಿಗೆ ಬಂದಳು. ಗಲ್ಲಾಪೆಟ್ಟಿಗೆಯ ಮೇಲೆ ಪೈಪುಗಳು ಸಾಲಾಗಿ ಮಲಗಿದ್ದವು. ಒಂದು ನನ್ನ ಬಾಯಲ್ಲಿತ್ತು. ಅವಳು ಬುತ್ತಿ ಇಳಿಸಿ, ಒಂದು ಪೈಪು ಎತ್ತಿ, ಕೊಳವೆಯ ಸಂದಿಯಲ್ಲಿ ಉಳಿದ ಬಿಳಿ ಪುಡಿಯನ್ನು ಬೆರಳಿನಿಂದ ತೆಗೆದು ಮೂಸಿದಳು.

"ಪೈಪಿಗೆ ದೀಕ್ಷಾ ಯಾವಾಗ ಆತ್ರಿ?"

"ಟೆಸ್ಟ್ ಮಾಡಾಕತ್ತೇನಿ," ಎಂದೆ. "ಮಾರೂಕಿಂತ ಮೊದ್ಲು ನೋಡಬೇಕಲ್ಲ."

"ಎಷ್ಟು ದಿನದ್ದು ಟೆಸ್ಟು?"

"ಒಂದ್ ತಿಂಗಳಾತು."

"ಫೇಲ್ ಆಗ್ಯಾವೋ ಪಾಸೋ?"

ಇನ್ನು ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. ವಿಭೂತಿಗೆ ತಪ್ಪು ಕಾಣಿಕೆ ಹಾಕುತ್ತೇನೆಂದೆ. ಆಮೇಲೆ ಮನಸ್ಸಿನ ಮಾತು ಹೇಳಿದೆ: ಪೈಪು ಬಾಯಲ್ಲಿದ್ದರೆ ನನ್ನ ವ್ಯಾಪಾರ ಬೇರೆ, ಇಲ್ಲದಿದ್ದರೆ ಬೇರೆ. ಇದು ಚಟವಲ್ಲ, ತಕ್ಕಡಿ ಇದ್ದಂತೆ, ಅಂಗಡಿಯ ಸಾಮಾನು.

ಅವಳು ಸೆರಗು ಸರಿಪಡಿಸಿಕೊಂಡು ಯೋಚಿಸಿದಳು. ಅವಳಿಗೆ ಮೂರು ವರ್ಷದಿಂದ ಒಂದು ಕರೆಯುವ ಎಮ್ಮೆ ಬೇಕಾಗಿತ್ತು. ನಾನು ದುಬಾರಿ ಎಂದು ಮುಂದೂಡುತ್ತ ಬಂದಿದ್ದೆ.

"ಹಂಗಾರ ತೋರಸ್ರಿ ನಿಮ್ಮ ತಕ್ಕಡಿ," ಎಂದಳು. "ಈ ವಾರ ದನದ ಸಂತ್ಯಾಗ ನನಗೊಂದು ಎಮ್ಮಿ ತರ್ರಿ. ಉದ್ದ ಕೋಡಿಂದು, ಎರಡನೇ ಸೂಲಿಂದು, ಕರ ಸಮೇತ. ಒಂಬೈನೂರರ ಒಳಗ ತಂದ್ರ ದಿನಾ ಸೇದ್ರಿ, ನಾನ ಕೆಂಡ ತಂದು ಕೊಡ್ತೀನಿ. ಒಂದ್ ರೂಪಾಯಿ ಮ್ಯಾಲೆ ಹೋತು ಅಂದ್ರ ಎಲ್ಲಾ ಪೈಪೂ ಮಾರಬೇಕು, ಮತ್ತ ಅದರ ಹೆಸರು ಎತ್ತಬಾರದು. ಆತೇನ್ರಿ?"

"ಆತು," ಎಂದೆ. ಒಂಬೈನೂರಕ್ಕೆ ಅಂಥ ಎಮ್ಮೆ ಸಿಗುವುದು ಕಷ್ಟ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ನನಗೆ ಪೈಪಿನ ಮೇಲೆ ನಂಬಿಕೆ ಇತ್ತು.

ಸಂತೆಗೆ ಹೊರಡುವಾಗ ಇದ್ದುದರಲ್ಲಿ ಚೆಂದದ ಪೈಪನ್ನು ಆರಿಸಿಕೊಂಡೆ. ಹಿಂದಿನ ಸಂಜೆಯಷ್ಟೇ ಅದರ ಕೊಳವೆಗೆ ಸ್ಪಿರಿಟ್ಟು ಹಾಕಿ ತೊಳೆದಿದ್ದೆ. ಪೂರ್ತಿ ಒಣಗಿದೆಯೋ ಇಲ್ಲವೋ ನೋಡಲಿಲ್ಲ. ಅವಸರ.

ನಮ್ಮ ಕಡೆಯ ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಬಲಗೈ ಚಾಚುತ್ತಾರೆ, ಮೇಲೊಂದು ಟವೆಲು ಮುಚ್ಚುತ್ತಾರೆ, ಒಳಗೆ ಬೆರಳು ಹಿಡಿದು ಮಾತು. ನೂರರ ಲೆಕ್ಕವೆಂದರೆ ಒಂದು ಬೆರಳಿಗೆ ನೂರು, ಅರ್ಧ ಬೆರಳಿಗೆ ಐವತ್ತು. ಐದೂ ಬೆರಳು ಹಿಚುಕಿದರೆ ಐನೂರು, ಅದರ ಮೇಲೆ ಮೂರು ಹಿಡಿದರೆ ಎಂಟುನೂರು. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ. ಒಪ್ಪಿಗೆಯಾದರೆ ಟವೆಲು ಎಳೆಯುತ್ತಾರೆ. ಆಮೇಲೆ ಹಿಂದೆ ಸರಿಯುವಂತಿಲ್ಲ. ಸರಿದವನ ಜೊತೆ ಮತ್ತೆ ಯಾರೂ ಟವೆಲಿನ ಕೆಳಗೆ ಕೈ ಇಡುವುದಿಲ್ಲ.

ಎಮ್ಮೆ ಕಣ್ಣಿಗೆ ಬಿತ್ತು. ಕೋಡು ಬೆನ್ನಿನವರೆಗೆ ಹೋಗಿತ್ತು, ಕೆಚ್ಚಲು ತುಂಬಿತ್ತು. ಮಾರುವವನು ಮನ್ನಾಏಖೇಳ್ಳಿ ಕಡೆಯ ರೈತ, ನರೆತ ಮೀಸೆ, ಗಟ್ಟಿ ಆಳು. ನಾನು ಪೈಪು ಹೊತ್ತಿಸಿ, ಎಮ್ಮೆಯ ಹಲ್ಲು ನೋಡಿ, ಏನೂ ಹೇಳದೆ ಕೈ ಚಾಚಿದೆ. ಅವನು ಟವೆಲು ಹಾಕಿದ.

"ನೂರು," ಎಂದ ಅವನು, ಯಾವ ಲೆಕ್ಕ ಎಂದು ತಿಳಿಯಲು. ಒಳಗೆ ಐದು, ಮತ್ತೆ ಐದು, ಮೇಲೊಂದೂವರೆ ಹಿಡಿದ. ಸಾವಿರದ ಒಂದುನೂರ ಐವತ್ತು. ನಾನು ಹೊಗೆ ಬಿಟ್ಟೆ. ಐದು, ಎರಡು ಹಿಡಿದೆ. ಏಳುನೂರು.

"ಏನ್ರಿ, ಎಮ್ಮಿ ಕೇಳಾಕತ್ತೀರೋ, ಬರೇ ಬಾಲ ಕೇಳಾಕತ್ತೀರೋ?"

ನಾನು ಪೈಪು ತೋರಿಸಿದೆ, ಬಾಯಿ ತುಂಬಿದೆ ಎಂಬಂತೆ. ಅವನು ಕಾದ. ನಾನು ಎಡಗೈಯಿಂದ ಪೈಪು ಒತ್ತಿದೆ, ಆಕಾಶ ನೋಡಿದೆ. ಹಳೆಯ ವಿದ್ಯೆ ಹಾಗೆಯೇ ಇತ್ತು! ಅವನು ಸಾವಿರದ ಐವತ್ತಕ್ಕೆ ಬಂದ. ನಾನು ಮತ್ತೊಂದು ದಮ್ಮು ಎಳೆದೆ. ಅವನು ಒಂಬೈನೂರೈವತ್ತಕ್ಕೆ ಬಂದು, "ಇನ್ನ ಕೆಳಗ ಹ್ವಾದ್ರ ಎಮ್ಮಿನ ನನ್ನ ಒದೀತದ," ಎಂದ. ಸುತ್ತ ಹತ್ತು ಹನ್ನೆರಡು ಜನ ಸೇರಿದ್ದರು. ನನ್ನ ಲೆಕ್ಕ ಸ್ಪಷ್ಟವಿತ್ತು: ಈಗ ಎಂಟುನೂರೈವತ್ತು ಹಿಡಿಯುವುದು, ಅವನು ಒಂಬೈನೂರಕ್ಕೆ ನಿಲ್ಲುತ್ತಾನೆ, ಟವೆಲು ಎಳೆಯುವುದು. ಮೊದಲು ಐದು ಬೆರಳು ಹಿಡಿದೆ. ಆಮೇಲಿನ ಮೂರೂವರೆ ಹಿಡಿಯುವ ಮೊದಲು ಅವನನ್ನು ಇನ್ನೊಂದಿಷ್ಟು ಕಾಯಿಸೋಣವೆಂದು ಉದ್ದನೆಯ ದಮ್ಮು ಎಳೆದೆ.

ಕೊಳವೆಯಲ್ಲಿ ಉಳಿದಿದ್ದ ಸ್ಪಿರಿಟ್ಟು, ತಂಬಾಕಿನ ರಸ, ಏನೇನಿತ್ತೋ ಎಲ್ಲ ಒಂದು ಗುಟುಕಾಗಿ ನನ್ನ ಗಂಟಲಿಗೆ ಹೋಯಿತು.

ಅಂಥ ಕೆಮ್ಮು ನನ್ನ ಜೀವನದಲ್ಲಿ ಬಂದಿಲ್ಲ. ಕಣ್ಣು ಕತ್ತಲಾಯಿತು. ಮುಳುಗುವವನು ಸಿಕ್ಕಿದ್ದನ್ನು ಹಿಡಿಯುವಂತೆ ನಾನು ಟವೆಲಿನ ಕೆಳಗಿದ್ದ ಕೈಯನ್ನು ಇದ್ದ ಬಲವೆಲ್ಲ ಹಾಕಿ ಹಿಚುಕಿದೆ. ಎರಡನೇ ಕೆಮ್ಮಿಗೆ ಮತ್ತೊಮ್ಮೆ ಹಿಚುಕಿದೆ.

"ಆತ್ರೀ! ಕೊಟ್ಟೆ!" ಎಂದು ಕೂಗಿ ರೈತ ಟವೆಲು ಎಳೆದ. "ಐದರ ಮ್ಯಾಲೆ ಐದು, ಪೂರಾ ಸಾವಿರ! ನೋಡ್ರಿ ಎಲ್ಲಾರೂ, ನಾ ಒಂಬೈನೂರೈವತ್ತು ಅಂದ್ರ ಸಾಹುಕಾರ ತಾವಾಗೇ ಸಾವಿರ ಹಿಡದಾರ!"

ನಾನು ಕೈ ಆಡಿಸಿದೆ, ತಲೆ ಆಡಿಸಿದೆ. ಮಾತು ಬರಲಿಲ್ಲ. ಗಂಟಲು ಬೆಂಕಿಯಾಗಿತ್ತು.

ರೈತ ನನ್ನ ಬೆನ್ನು ಸವರುತ್ತ ಕಿವಿಯಲ್ಲಿ ಹೇಳಿದ: "ಕಡೀಗೆ ಇನ್ನೊಂದು ಸಲ ಐದು ಹಿಚಿಕಿದ್ರಲ್ಲ, ಅದನ್ನ ನಾ ಹಿಡದಿಲ್ರಿ. ನಾನೂ ಮನಷ್ಯಾ ಇದ್ದೀನಿ."

ಕೆಮ್ಮು ನಿಂತ ಮೇಲೆ ಯೋಚಿಸಿದೆ. ಅದು ಬೇಕೆಂದು ಹಿಡಿದದ್ದಲ್ಲ ಎಂದು ಜಗಳ ತೆಗೆಯಬಹುದಿತ್ತು. ತೆಗೆದರೆ ನಾಳೆಯಿಂದ ಸಂತೆಯಲ್ಲಿ ನನ್ನ ಕೈಗೆ ಬೆಲೆಯಿಲ್ಲ. ಹಣ ಎಣಿಸಲು ಹೊರಟೆ. ನೂರು ರೂಪಾಯಿ ಹೆಚ್ಚು. ಪೈಪು ಹೋಯಿತು.

ಆಗ ಗಮನಿಸಿದೆ, ರೈತ ನನ್ನ ಹಣವನ್ನು ನೋಡುತ್ತಿರಲಿಲ್ಲ. ಬಾಯಿ ನೋಡುತ್ತಿದ್ದ.

"ಅದೇನ್ರಿ ಅದು? ಚಿಲುಮಿ ಅಂದ್ರ ಚಿಲುಮಿ ಅಲ್ಲ."

"ಪೈಪು."

"ಕೈಲೆ ಹಿಡೀಬೇಕಾಗಿಲ್ಲೇನು? ನಮ್ಮ ಚಿಲುಮಿಗೆ ಎರಡೂ ಕೈ ಬೇಕು ನೋಡ್ರಿ."

ನಾನು ವ್ಯಾಪಾರಿ. ಸತ್ತರೂ ಎದ್ದು ಕೂರುತ್ತೇನೆ. "ಎರಡೂ ಕೈ ಖಾಲಿ ಇರ್ತಾವ," ಎಂದೆ. "ಎಮ್ಮಿ ಹಿಂಡ್ಕೋತ ಸೇದಬಹುದು. ಹುಲ್ಲು ಕೊಯ್ಕೋತ ಸೇದಬಹುದು. ಹೆಂಡ್ತಿ ಕೂಡ ಜಗಳಾಡ್ಕೋತ ಸೇದಬಹುದು, ಉತ್ತರ ಕೊಡಾಕ ಬರಂಗಿಲ್ಲ, ಜಗಳ ಲಗೂನ ಮುಗೀತದ."

ಕೊನೆಯ ಮಾತು ನಾಟಿತು. ಮತ್ತೆ ಟವೆಲು ಹಾಕಿದೆವು, ಈ ಸಲ ಹತ್ತರ ಲೆಕ್ಕ, ಪೈಪು ಬಾಯಿಂದ ಹೊರಗೆ. ಪೈಪು ಕೊಡುತ್ತೇನೆ, ಎಮ್ಮೆಯ ಬೆಲೆಯಲ್ಲಿ ನೂರು ಬಿಡು ಎಂದೆ, ಅವನು ನಲವತ್ತಕ್ಕೆ ನಿಂತ. ಎಪ್ಪತ್ತೈದಕ್ಕೆ ಎಳೆದು ತಂದೆ. ಅದಕ್ಕಿಂತ ಮೇಲೆ ಎಷ್ಟು ಹಿಂಡಿದರೂ ಬರಲಿಲ್ಲ. ಎರಡು ರೂಪಾಯಿಯ ಪೈಪು ಎಪ್ಪತ್ತೈದಕ್ಕೆ ಹೋದದ್ದು ನನ್ನ ಇಡೀ ವ್ಯಾಪಾರದಲ್ಲೇ ಮೊದಲು. ಆದರೂ ಎಮ್ಮೆ ಒಂಬೈನೂರ ಇಪ್ಪತ್ತೈದಕ್ಕೆ ನಿಂತಿತು. ಷರತ್ತಿಗೆ ಇಪ್ಪತ್ತೈದು ಹೆಚ್ಚು.

ದಾರಿಯುದ್ದಕ್ಕೂ ಎಮ್ಮೆಯ ಹಗ್ಗ ಹಿಡಿದು ವಾದ ಕಟ್ಟುತ್ತ ಬಂದೆ. ಹಗ್ಗ ಎರಡು ರೂಪಾಯಿ, ಕೊರಳ ಗಂಟೆ ಐದು ರೂಪಾಯಿ, ಕರುವಿನ ಹಗ್ಗ ಬೇರೆ... ಇವೆಲ್ಲ ಕಳೆದರೆ ಎಮ್ಮೆ ಮಾತ್ರ ಒಂಬೈನೂರರ ಹತ್ತಿರ ಬರುತ್ತದೆ. ಎಮ್ಮೆ ಅದರ ಪಾಡಿಗೆ ನಡೆಯುತ್ತಿತ್ತು, ಕರು ಎರಡು ಸಲ ಬೇರೆಯವರ ಕರುಗಳ ಹಿಂದೆ ಹೋಯಿತು. ಹೀಗಾಗಿ ನಾವು ಬರುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲೇ ಮನೆಗೆ ಬಂದಿತ್ತು. ಹೆಂಡತಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಮ್ಮೆಗೆ ಕುಂಕುಮ ಹಚ್ಚಿ, ಕಾಲಿಗೆ ನೀರು ಹಾಕಿ, ಆಮೇಲೆ ನನ್ನತ್ತ ತಿರುಗಿದಳು.

"ಕೆಮ್ಮು ಹ್ಯಾಂಗ ಅದರಿ ಈಗ?"

ಕಟ್ಟಿಕೊಂಡು ಬಂದ ವಾದವನ್ನೆಲ್ಲ ಬಿಟ್ಟೆ. "ಇಪ್ಪತ್ತೈದು ಹೆಚ್ಚಾತು," ಎಂದೆ.

"ಗೊತ್ತದ."

"ಆರು ಪೈಪೂ ನಾಳೆ ಮಾರ್ತೀನಿ."

ಅವಳು ಎಮ್ಮೆಯ ಕೋಡು ಸವರಿದಳು, ಕೆಚ್ಚಲು ಮುಟ್ಟಿದಳು. ಸಂಜೆ ಅವಳೇ ಹಾಲು ಹಿಂಡಿದಳು. ತಂಬಿಗೆ ತುಂಬಿ ಇನ್ನೊಂದು ತಂಬಿಗೆಗೆ ಹೋಯಿತು. ಅವಳ ತವರಿನಲ್ಲಿ ಇದಕ್ಕಿಂತ ಕಡಿಮೆ ಹಾಲಿನ ಎಮ್ಮೆಗೆ ಹನ್ನೆರಡುನೂರು ಕೊಟ್ಟಿದ್ದರಂತೆ. ಅದನ್ನು ಆಗ ಹೇಳಿದಳು! ನಾನು ಅಲ್ಲಿಯೇ, ಎಮ್ಮೆ ಕಟ್ಟಿದ ಹಟ್ಟಿಯ ಕಲ್ಲಿನ ಮೇಲೆ ಕೂತು, ಅವಳತ್ತ ಬಲಗೈ ಚಾಚಿದೆ.

ಅವಳು ನಕ್ಕಳು. ಆಚೆ ಈಚೆ ನೋಡಿ ಪಕ್ಕದಲ್ಲಿ ಕೂತು ಕೈಯ ಮೇಲೆ ಸೆರಗು ಹಾಕಿದಳು.

"ಯಾವ ಲೆಕ್ಕ?"

"ವಾರದಾಗ ಸೇದೂ ದಿನ," ಎಂದೆ. ಐದೂ ಬೆರಳು ಹಿಡಿದೆ.

ಅವಳು ಕೈ ಬಿಡಿಸಿಕೊಂಡು ನನ್ನ ಕಿರುಬೆರಳಿನ ತುದಿ ಮಾತ್ರ ಹಿಡಿದಳು. ಅರ್ಧ ದಿನ. ನಾನು ನಾಲ್ಕು ಹಿಡಿದೆ. ಅವಳು ಒಂದಕ್ಕೆ ಬಂದಳು. ನಾನು ಮೂರು ಹಿಡಿದು ನಿಂತೆ, ಅವಳು ಒಂದೂವರೆ. ಹಾಲು ಕಾಯುವ ವಾಸನೆ ಬಂತು. ಅವಳಿಗೆ ಏಳಬೇಕಾಗಿತ್ತು, ನನಗೆ ಯಾವ ಅವಸರವೂ ಇರಲಿಲ್ಲ. ಎರಡಕ್ಕೆ ಬಂದಳು. ಆಗ ನನಗೆ ದುರಾಸೆ ಬಂತು. ಖೊಖ್ಖೊಖ್ ಎಂದು ಜೋರಾಗಿ ಕೆಮ್ಮಿ ಐದೂ ಬೆರಳು ಹಿಚುಕಿದೆ.

"ಕೆಮ್ಮು ಲೆಕ್ಕಕ್ಕ ಇಲ್ರಿ," ಎಂದು ಅವಳು ಸೆರಗು ಎಳೆದಳು. "ಎರಡು ದಿನ. ಒಂದ ಪೈಪು. ಹೊರಗಿನ ಕಟ್ಟಿ ಮ್ಯಾಲೆ. ಹಟ್ಟಿ ಕಸ ನೀವ ತೆಗೀಬೇಕು."

ಕಸದ ಮಾತು ಸೆರಗಿನ ಕೆಳಗೆ ಬಂದಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡೆ, ಯಾಕೆಂದರೆ ಅದು ಲಾಭದ ವ್ಯಾಪಾರವೇ ಆಗಿತ್ತು. ಉಳಿದ ಐದರಲ್ಲಿ ಮೂರು ಒಂದು ನಾಟಕ ಕಂಪನಿಗೆ ಹೋದವು, ಖಳನಾಯಕನಿಗೆ ಎರಡು, ಅವನ ಅಪ್ಪನಿಗೆ ಒಂದು. ಎರಡನ್ನು ಕಾಲೇಜಿನ ಮೇಷ್ಟ್ರೊಬ್ಬರು ಹಿಡಿದುಕೊಂಡು ಹೋದರು. ನನ್ನದು ಎಂಬತ್ತರ ದಶಕದವರೆಗೂ ವಾರಕ್ಕೆರಡು ದಿನ ಕಟ್ಟೆಯ ಮೇಲೆ ಉರಿಯಿತು. ಹಟ್ಟಿಯ ಕಸ ದಿನವೂ ತೆಗೆದೆ.

ನೀವು ಪೈಪು ಸೇದುವವರಲ್ಲದಿದ್ದರೆ ಹೊಸದಾಗಿ ಶುರು ಮಾಡಬೇಡಿ, ಗಂಟಲಿಗೂ ಒಳ್ಳೆಯದಲ್ಲ, ಎಮ್ಮೆ ವ್ಯಾಪಾರಕ್ಕೂ ಒಳ್ಳೆಯದಲ್ಲ. ಹಳೆಯದೊಂದು ಕೈಗೆ ಬಂದು ರಿಪೇರಿ ಮಾಡುವ ಮನಸ್ಸಾದರೆ ಮಾತ್ರ ಇಷ್ಟು ಕೇಳಿ. ಕೊಳ್ಳುವ ಮುಂಚೆ ತಲೆಯನ್ನು ಬೆಳಕಿಗೆ ಹಿಡಿದು ಬಿರುಕು ನೋಡಿ, ಬಿರುಕಿದ್ದರೆ ಅರ್ಧ ಬೆಲೆಗೆ ಕೇಳಿ, ಇಲ್ಲದಿದ್ದರೂ ಅರ್ಧ ಬೆಲೆಗೇ ಕೇಳಿ. ಬಿಗಿಯಾದ ಕೊಳವೆಯನ್ನು ತಿರುಚಬೇಡಿ. ಅಡುಗೆ ಎಣ್ಣೆ ಹಚ್ಚಬೇಡಿ, ಜೇನುಮೇಣ ಹಚ್ಚಿ. ದೇವರ ಜಗುಲಿಗೆ ಕೈ ಹಾಕಬೇಡಿ, ಹಲ್ಲುಪುಡಿ ಸಾಕು, ನಾನು ಆಮೇಲೆ ನೋಡಿದೆ, ಅದರಿಂದಲೂ ಹೊಳೆಯುತ್ತದೆ. ತೊಳೆದ ಮೇಲೆ ಕೊಳವೆಯನ್ನು ಎರಡು ಪೂರ್ತಿ ದಿನ ಬಿಸಿಲಿಗೆ ತಾಗದಂತೆ ಗಾಳಿಗೆ ಇಡಿ, ಊದಿ ನೋಡಿ, ಗುಳುಗುಳು ಎಂದರೆ ಇನ್ನೊಂದು ದಿನ ಇಡಿ. ಹಿರಿಯರ ಕಾಲಿಗೆ ಬೀಳುವ ಮೊದಲು ಬಾಯಿ ಮುಟ್ಟಿ ನೋಡಿಕೊಳ್ಳಿ. ಇನ್ನು ವ್ಯಾಪಾರದಲ್ಲಿ ಎದುರಿನವನನ್ನು ಕಾಯಿಸಲೇಬೇಕೆಂದಿದ್ದರೆ ದವಡೆಯಲ್ಲಿ ಒಂದು ದೊಡ್ಡ ಬೆಲ್ಲದ ಚೂರು ಇಟ್ಟುಕೊಂಡು ಹೋಗಿ. ಅದು ಕರಗುವವರೆಗೆ ನೀವೂ ಮಾತಾಡುವುದಿಲ್ಲ, ಕೆಮ್ಮೂ ಬರುವುದಿಲ್ಲ.